24 ವೋಲ್ಟ್ ಸಪ್ಲೈ: ಪ್ಯಾನೆಲ್ ಕಟ್ಟುವವರ ನಂಬಿಕೆ ಮತ್ತು ಡೇಟಾಶೀಟ್ ಹೇಳುವ ಸತ್ಯ

ಕಂಟ್ರೋಲ್ ಪ್ಯಾನೆಲ್ ಕಟ್ಟುವಾಗ ಪಿಎಲ್‌ಸಿ ಯಾವುದು, ಡ್ರೈವ್ ಯಾವುದು ಎಂಬ ಚರ್ಚೆ ದಿನಗಟ್ಟಲೆ ನಡೆಯುತ್ತದೆ. ಅವೆಲ್ಲಕ್ಕೂ ಅನ್ನ ಹಾಕುವ 24 ವೋಲ್ಟ್ ಎಸ್‌ಎಂಪಿಎಸ್ ಎಷ್ಟು ಆಂಪಿಯರ್‌ನದಿರಬೇಕು ಎಂಬುದು ಮಾತ್ರ ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಮಷಿನ್ ಕಾರಣ ತಿಳಿಯದಂತೆ ನಿಂತು, ಮತ್ತೆ ಆನ್ ಮಾಡಿದರೆ ಸರಿಹೋಗುವ ಕಾಯಿಲೆಯ ಮೂಲ ಎಷ್ಟೋ ಸಲ ಈ ಅವಸರದಲ್ಲೇ ಇರುತ್ತದೆ.

ಮೊದಲ ನಂಬಿಕೆ: ಲೋಡ್‌ಗಳನ್ನು ಕೂಡಿಸಿ, ಮೊತ್ತಕ್ಕಿಂತ ಸ್ವಲ್ಪ ದೊಡ್ಡದನ್ನು ತಂದರೆ ಸಾಕು. ಕಲಬುರಗಿಯ ಒಂದು ದಾಲ್ ಮಿಲ್ಲಿನ ಪ್ಯಾಕಿಂಗ್ ವಿಭಾಗಕ್ಕೆ ಪ್ಯಾನೆಲ್ ಬೇಕಾಗಿದೆ ಎಂದುಕೊಳ್ಳಿ. ಪಿಎಲ್‌ಸಿ ಮತ್ತು ಅದರ ಮಾಡ್ಯೂಲ್‌ಗಳಿಗೆ 0.6 ಆಂಪಿಯರ್, ಎಚ್‌ಎಂಐಗೆ 0.7, 30 ಮಿಲಿಆಂಪಿಯರ್‌ನ 20 ಸೆನ್ಸರ್‌ಗಳಿಗೆ 0.6, ತಲಾ 5 ವ್ಯಾಟ್‌ನ 16 ಸೊಲೆನಾಯ್ಡ್ ವಾಲ್ವ್‌ಗಳಿಗೆ 3.3, ರಿಲೇಗಳಿಗೆ 0.4, ಟವರ್ ಲ್ಯಾಂಪ್‌ಗೆ 0.2. ಒಟ್ಟು 5.8 ಆಂಪಿಯರ್. ವಾಲ್ವ್‌ಗಳೆಲ್ಲ ಒಟ್ಟಿಗೆ ಆನ್ ಆಗುವುದಿಲ್ಲ, ಸಾಮಾನ್ಯವಾಗಿ ಹತ್ತು ಮಾತ್ರ ಎಂದು ಲೆಕ್ಕ ಹಿಡಿದರೆ 4.6ಕ್ಕೆ ಇಳಿಯುತ್ತದೆ. ಹಾಗಾದರೆ 5 ಆಂಪಿಯರ್‌ನದು ಸಾಕಲ್ಲವೇ?

ಸಾಲದು. ಮೈಮೇಲೆ ಅಚ್ಚಾಗಿರುವ 5 ಆಂಪಿಯರ್‌ಗೆ ಡೇಟಾಶೀಟ್ ತಾಪಮಾನದ ಷರತ್ತು ಹಾಕಿರುತ್ತದೆ. ಕಲಬುರಗಿಯಲ್ಲಿ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುವುದು ಹೊಸದೇನಲ್ಲ. ದೂಳು ಹೋಗದಂತೆ ಮುಚ್ಚಿದ ಪೆಟ್ಟಿಗೆಯಲ್ಲಿ ಡ್ರೈವ್‌ಗಳೂ ಕೂತಿದ್ದರೆ ಒಳಗೆ ಸುಲಭವಾಗಿ 60 ಆಗುತ್ತದೆ. 50 ಡಿಗ್ರಿ ಮೀರಿದ ಮೇಲೆ ಪ್ರತಿ ಡಿಗ್ರಿಗೆ ಶೇ 2.5ರಷ್ಟು ಸಾಮರ್ಥ್ಯ ಕಳೆಯಬೇಕು ಎನ್ನುವ ಮಾದರಿಯಾದರೆ, 60 ಡಿಗ್ರಿಯಲ್ಲಿ ಅದು ಕೊಡುವುದು ಮುಕ್ಕಾಲು ಪಾಲು, ಅಂದರೆ 3.75 ಆಂಪಿಯರ್. 10 ಆಂಪಿಯರ್‌ನದು ಅಲ್ಲಿ 7.5 ಕೊಡುತ್ತದೆ. ವಾಲ್ವ್‌ಗಳೆಲ್ಲ ಒಟ್ಟಿಗೆ ಆನ್ ಆದರೂ ತಡೆಯುತ್ತದೆ, ನಾಳೆ ನಾಲ್ಕು ವಾಲ್ವ್ ಸೇರಿಸಲೂ ಜಾಗ ಉಳಿಯುತ್ತದೆ. ಇದು ಬರೀ ಆಂಪಿಯರ್ ಪ್ರಶ್ನೆಯೂ ಅಲ್ಲ. ಒಳಗಿರುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ನ ಆಯುಷ್ಯ, ಅದರ ತಾಪಮಾನ 10 ಡಿಗ್ರಿ ಏರಿದಂತೆಲ್ಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಎಸ್‌ಎಂಪಿಎಸ್‌ನ ಮೇಲೂ ಕೆಳಗೂ ಗಾಳಿಗೆಂದು ಬಿಡಲು ಹೇಳಿರುವ ಜಾಗಕ್ಕೆ ವೈರ್ ಡಕ್ಟ್ ತಂದು ಅಂಟಿಸುವವರು ಇದನ್ನು ನೆನಪಿಡಬೇಕು.

ಎರಡನೆಯದು ಹೆಚ್ಚು ಅಪಾಯದ ನಂಬಿಕೆ: ಔಟ್‌ಪುಟ್‌ಗೆ ಎಂಸಿಬಿ ಹಾಕಿದ್ದೇವೆ, ಶಾರ್ಟ್ ಆದರೆ ಆ ಲೈನ್ ಮಾತ್ರ ಟ್ರಿಪ್ ಆಗುತ್ತದೆ. ಲೆಕ್ಕ ನೋಡಿ. ಸಿ ಕರ್ವ್‌ನ 6 ಆಂಪಿಯರ್ ಎಂಸಿಬಿ ತಕ್ಷಣ ಟ್ರಿಪ್ ಆಗಲು ಎಸಿಯಲ್ಲಿ 5ರಿಂದ 10 ಪಟ್ಟು ಕರೆಂಟ್ ಬೇಕು, ಅಂದರೆ 30ರಿಂದ 60 ಆಂಪಿಯರ್. ಡಿಸಿಯಲ್ಲಿ ಅದರ ಸುಮಾರು ಒಂದೂವರೆ ಪಟ್ಟು. 10 ಆಂಪಿಯರ್ ಎಸ್‌ಎಂಪಿಎಸ್ ಎಷ್ಟೇ ತಿಣುಕಿದರೂ ಸಾಮಾನ್ಯವಾಗಿ 15ರ ಆಸುಪಾಸಿನಲ್ಲಿ ಕರೆಂಟ್‌ಗೆ ಕಡಿವಾಣ ಹಾಕಿ ವೋಲ್ಟೇಜ್ ಇಳಿಸಿಬಿಡುತ್ತದೆ. 15 ಆಂಪಿಯರ್‌ಗೆ ಆ ಎಂಸಿಬಿ ಬಿಸಿಯಾಗಿ ಟ್ರಿಪ್ ಆಗಲು ಹಲವು ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ 24 ವೋಲ್ಟ್ ಕುಸಿದು ಪಿಎಲ್‌ಸಿ ಆಫ್ ಆಗಿರುತ್ತದೆ. ಎಲ್ಲೋ ಒಂದು ಸೆನ್ಸರ್ ಕೇಬಲ್ ಜಜ್ಜಿಹೋದದ್ದಕ್ಕೆ ಇಡೀ ಲೈನ್ ನಿಂತಿರುತ್ತದೆ, ಟ್ರಿಪ್ ಆದ ಎಂಸಿಬಿ ಒಂದೂ ಕಾಣುವುದಿಲ್ಲ. ಇದಕ್ಕೆ ಸರಿಯಾದ ಮದ್ದು ಚಾನೆಲ್‌ವಾರು ಎಲೆಕ್ಟ್ರಾನಿಕ್ ಬ್ರೇಕರ್. ಬಜೆಟ್ ಒಪ್ಪದಿದ್ದರೆ ಪಿಎಲ್‌ಸಿ ಮತ್ತು ಎಚ್‌ಎಂಐಗೆ ಒಂದು ಸಪ್ಲೈ, ವಾಲ್ವ್ ಮತ್ತು ಫೀಲ್ಡ್ ಸೆನ್ಸರ್‌ಗಳಿಗೆ ಇನ್ನೊಂದು ಕೊಡಿ.

ಹಾಗಿದ್ದರೆ ಸುಮ್ಮನೆ 40 ಆಂಪಿಯರ್‌ನದನ್ನೇ ಹಾಕಿಬಿಡೋಣ ಎನ್ನುವವರೂ ಇದ್ದಾರೆ. 0.5 ಚದರ ಮಿಲಿಮೀಟರ್ ವೈರ್‌ನ ಹಿಂದೆ 40 ಆಂಪಿಯರ್ ನಿಲ್ಲಿಸಿ ನಡುವೆ ಫ್ಯೂಸ್ ಇಡದಿದ್ದರೆ, ಶಾರ್ಟ್ ಆದಾಗ ವೈರೇ ಫ್ಯೂಸ್ ಆಗುತ್ತದೆ.

ದೂರದ ವಾಲ್ವ್ ಎಳೆಯುತ್ತಿಲ್ಲ, ಸಪ್ಲೈ ಸಾಲುತ್ತಿಲ್ಲ ಎಂಬ ದೂರೂ ಸಾಮಾನ್ಯ. ಅಲ್ಲಿ ಸಾಲದಿರುವುದು ತಾಮ್ರ. ಒಂದು ಚದರ ಮಿಲಿಮೀಟರ್ ಫ್ಲೆಕ್ಸಿಬಲ್ ವೈರ್‌ಗೆ ಕಿಲೋಮೀಟರಿಗೆ 19.5 ಓಮ್ ರೆಸಿಸ್ಟೆನ್ಸ್ ಇದೆ. ವಾಲ್ವ್ 100 ಮೀಟರ್ ದೂರವಿದ್ದರೆ ಹೋಗಿಬರುವ ದಾರಿ 200 ಮೀಟರ್, 3.9 ಓಮ್. ಒಂದು ಆಂಪಿಯರ್ ಹರಿದರೆ ದಾರಿಯಲ್ಲೇ 3.9 ವೋಲ್ಟ್ ನಷ್ಟ, ತುದಿಯಲ್ಲಿ ಉಳಿಯುವುದು 20.1. ಶೇ 10ರಷ್ಟು ಇಳಿತವನ್ನಷ್ಟೇ ಸಹಿಸುವ ಕಾಯಿಲ್‌ಗೆ ಕನಿಷ್ಠ 21.6 ಬೇಕು. 20 ಆಂಪಿಯರ್‌ನ ಸಪ್ಲೈ ತಂದರೂ ಈ ಲೆಕ್ಕ ಬದಲಾಗದು. 2.5 ಚದರ ಮಿಲಿಮೀಟರ್ ವೈರ್ ಎಳೆದರೆ ನಷ್ಟ 1.6 ವೋಲ್ಟ್‌ಗೆ ಇಳಿಯುತ್ತದೆ. ಸಪ್ಲೈ ಮೇಲಿನ ಪಾಟ್ ತಿರುಗಿಸಿ ವೋಲ್ಟೇಜ್ ಏರಿಸುವವರು ಗಮನಿಸಬೇಕಾದದ್ದು: 240 ವ್ಯಾಟ್‌ನದು 28 ವೋಲ್ಟ್‌ನಲ್ಲಿ ಸುಮಾರು 8.5 ಆಂಪಿಯರ್ ಮಾತ್ರ ಕೊಡಬಲ್ಲದು. ಪಿಎಲ್‌ಸಿಗಳ ಐಇಸಿ 61131-2 ಮಾನದಂಡದಲ್ಲಿ 24 ವೋಲ್ಟ್ ಸಪ್ಲೈನ ಮೇಲ್ಮಿತಿ 28.8.

ಎರಡು ಸಪ್ಲೈಗಳನ್ನು ಪ್ಯಾರಲಲ್ ಮಾಡಿದರೆ ಒಂದು ಕೆಟ್ಟರೂ ಇನ್ನೊಂದು ನಡೆಸುತ್ತದೆ ಎಂಬುದು ಅರ್ಧ ಸತ್ಯ. ನಡುವೆ ಡಯೋಡ್ ಅಥವಾ ರಿಡಂಡೆನ್ಸಿ ಮಾಡ್ಯೂಲ್ ಇಲ್ಲದಿದ್ದರೆ, ಒಂದರ ಔಟ್‌ಪುಟ್ ಒಳಗೇ ಶಾರ್ಟ್ ಆದಾಗ ಎರಡನ್ನೂ ಕೆಳಗೆಳೆಯುತ್ತದೆ. ಎರಡರಲ್ಲಿ ಪ್ರತಿಯೊಂದೂ ಪೂರ್ತಿ ಲೋಡ್ ಹೊರುವಷ್ಟು ದೊಡ್ಡದಿರಲೇಬೇಕು.

ಪ್ಯಾನೆಲ್ ಕಟ್ಟುವವರಲ್ಲಿ ಒಂದು ವಿನಂತಿ. ಡ್ರಾಯಿಂಗ್ ಜೊತೆಗೆ ಒಂದು ಹಾಳೆಯಲ್ಲಿ ಡಿಸಿ ಲೋಡ್‌ಗಳ ಪಟ್ಟಿ, ಲೆಕ್ಕಕ್ಕೆ ಹಿಡಿದ ತಾಪಮಾನ, ಉಳಿಸಿರುವ ಆಂಪಿಯರ್ ಬರೆದು ಬಾಗಿಲಿನ ಒಳಬದಿಯ ಪಾಕೆಟ್‌ನಲ್ಲಿಡಿ. ನಾಲ್ಕು ವರ್ಷದ ನಂತರ ಅದೇ ಪ್ಯಾನೆಲ್‌ಗೆ ಹೊಸ ವಾಲ್ವ್ ಜೋಡಿಸಲು ಬರುವ ಎಲೆಕ್ಟ್ರಿಷಿಯನ್‌ಗೆ ಆ ಹಾಳೆ ಬೇಕಾಗುತ್ತದೆ.