ಎಲೆಯ ಕಂಕುಳು

ಶಾಮನೂರಿನ ಆಸುಪಾಸಿನಲ್ಲಿ ಕಬ್ಬಿನ ಗದ್ದೆ ಕಂಡರೆ ಒಂದು ಜಲ್ಲೆಯ ರವದಿಯನ್ನು ಮೆಲ್ಲನೆ ಸುಲಿದು ನೋಡಿರಿ. ಎಲೆಯು ಕಾಂಡವನ್ನು ಕೂಡುವ ಎಡೆಯಲ್ಲಿ, ಗೆಣ್ಣಿಗೆ ಅಂಟಿದಂತೆ, ಪುಟ್ಟ ಮೊಗ್ಗೊಂದು ಕಾಣುವುದು. ಈ ಎಡೆಯೇ ಸಸ್ಯಶಾಸ್ತ್ರದ ಮಾತಿನಲ್ಲಿ ಎಲೆಯ ಕಂಕುಳು. ಅಲ್ಲಿಯ ಮೊಗ್ಗನ್ನು ರೈತರು ‘ಕಣ್ಣು’ ಎನ್ನುತ್ತಾರೆ. ಈ ಹೆಸರೇ ಹೆಚ್ಚು ಸೊಗಸೆಂದು ನನಗೆ ತೋರುತ್ತದೆ.

ಜಲ್ಲೆ ನಿಂತಿರುವವರೆಗೆ ಈ ಕಣ್ಣುಗಳು ಸಾಮಾನ್ಯವಾಗಿ ತೆರೆಯವು. ತುದಿಯ ಸುಳಿಯಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿದು ಅವುಗಳನ್ನು ತಡೆದಿರಿಸುತ್ತದೆ. 1933ರಲ್ಲಿ ತೀಮನ್ ಮತ್ತು ಸ್ಕೂಗ್ ಎಂಬ ವಿಜ್ಞಾನಿಗಳು ದ್ವಿದಳ ಸಸ್ಯವೊಂದರ ಕುಡಿಯನ್ನು ಕತ್ತರಿಸಿ, ಆ ಗಾಯಕ್ಕೆ ಆಕ್ಸಿನ್ ಒದಗಿಸಿದಾಗ ಕಂಕುಳಿನ ಮೊಗ್ಗುಗಳು ಚಿಗುರದೆ ಉಳಿದುದನ್ನು ತೋರಿಸಿಕೊಟ್ಟರು. ಇಡೀ ಜಲ್ಲೆಯನ್ನೇ ನೆಟ್ಟರೆ ತುದಿಯ ಕಣ್ಣುಗಳು ಮೊದಲು ಮೊಳೆತು ಬುಡದವನ್ನು ಹಿಂದಿಕ್ಕುತ್ತವೆ. ಆದುದರಿಂದಲೇ 2 ಅಥವಾ 3 ಕಣ್ಣಿನ ತುಂಡುಗಳಾಗಿ ಕಡಿದು ನೆಡುವ ವಾಡಿಕೆ.

ಬಿತ್ತನೆಯ ಕಬ್ಬನ್ನು ಗಾಡಿಗೆ ಹೇರುವ ಮೊದಲೇ ರವದಿ ಸುಲಿಯುವ ಆತುರ ಸಲ್ಲದು. ಕಣ್ಣಿಗೆ ಅದೇ ರೆಪ್ಪೆ. ಕಣ್ಣುಗಳೆಲ್ಲ ನಜ್ಜಾದ ತುಂಡು ಎಷ್ಟೇ ರಸಭರಿತವಾಗಿದ್ದರೂ ಮೊಳೆಯದು. ಸಾಲಿನಲ್ಲಿ ಅಷ್ಟು ನೆಲ ಬರಿದಾಗುವುದು. ಕಟಾವಿನಲ್ಲಿಯೂ ಹೀಗೆಯೇ: ಕೂಳೆ ಬೆಳೆ ಸೊಂಪಾಗಿ ಏಳುವುದು ನೆಲದೊಳಗಣ ಗೆಣ್ಣುಗಳ ಕಣ್ಣುಗಳಿಂದ. ಮೋಟು ಎತ್ತರವಾಗಿ ಉಳಿದರೆ ಮೇಲಿನ ಕಣ್ಣುಗಳು ಮೊದಲು ಚಿಗುರಿ, ಬೇರಿನ ಆಸರೆ ಸಾಲದೆ ಸೊರಗುತ್ತವೆ. ಜಲ್ಲೆಯನ್ನು ನೆಲಕ್ಕೆ ಸಮವಾಗಿ ಕಡಿಯಬೇಕೆಂದು ಹಿರಿಯರು ಕೂಲಿಯವರ ಬೆನ್ನು ಹತ್ತುವುದು ಇದಕ್ಕಾಗಿಯೇ.