ಗಾಯರಾಣದ ಪಾಲುದಾರರು

ಕೊಲ್ಹಾಪುರ ಜಿಲ್ಲೆಯ ಪಶ್ಚಿಮದಂಚಿನ ಗಗನಬಾವಡಾದಲ್ಲಿ ವರ್ಷಕ್ಕೆ 5,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿಂದ ಪೂರ್ವಕ್ಕೆ ನೂರು ಕಿಲೋಮೀಟರಿನೊಳಗೆ, ಶಿರೋಳಿ, ಹಾತಕಣಂಗಲೆ, ಇಚಲಕರಂಜಿ ದಾಟಿ ಶಿರೋಳ ತಾಲ್ಲೂಕು ತಲುಪುವಷ್ಟರಲ್ಲಿ ಆ ಮಳೆ ಹತ್ತನೇ ಒಂದು ಪಾಲಿನ ಆಸುಪಾಸಿಗೆ ಇಳಿದಿರುತ್ತದೆ. ಒಂದು ತುದಿಯಲ್ಲಿ ಕಾಡುಕೋಣಗಳ ರಾಧಾನಗರಿ ಕಾಡು, ಇನ್ನೊಂದು ತುದಿಯಲ್ಲಿ ಜಾಲಿ, ಬಾರಿ, ಕರಡದ ಹುಲ್ಲು ಬೆಳೆಯುವ ಬಯಲು. ಇಷ್ಟು ಸಣ್ಣ ಅಂತರದಲ್ಲಿ ಇಷ್ಟು ದೊಡ್ಡ ವ್ಯತ್ಯಾಸವಿರುವ ನೆಲದಲ್ಲಿ ಯಾವ ದನವೂ ಯಾವ ಕುರಿಯೂ ವರ್ಷವಿಡೀ ಒಂದೇ ಕಡೆ ಹೊಟ್ಟೆ ತುಂಬಿಸಿಕೊಳ್ಳಲಾರದು. ನಡೆಯಲೇಬೇಕು.

ಮಹಾರಾಷ್ಟ್ರ–ಕರ್ನಾಟಕದ ನಮ್ಮ ಗಡಿಭಾಗದ ಪ್ರತಿ ಹಳ್ಳಿಗೂ ಒಂದು ಗಾಯರಾಣ ಇದೆ, ಅಥವಾ ಇತ್ತು. ಊರ ದನ ಮೇಯಲೆಂದು ಬಿಟ್ಟ, ಯಾರೊಬ್ಬರದೂ ಅಲ್ಲದ ನೆಲ. ಮೈಸೂರು ಸೀಮೆಯವರು ಗೋಮಾಳ ಎನ್ನುವುದು ಇದನ್ನೇ. ಸರ್ಕಾರಿ ಕಾಗದಗಳಲ್ಲಿ ಇಂಥ ನೆಲದ ಬಹುಪಾಲು ಪಾಳುಭೂಮಿಯ ಪಟ್ಟಿಗೆ ಸೇರುತ್ತದೆ. ಅದರ ಹಿಂದೆ ಒಂದು ನಂಬಿಕೆ ಇದೆ: ಇಲ್ಲಿ ಮೊದಲು ದಟ್ಟ ಕಾಡಿತ್ತು, ಜನ ಕಡಿದರು, ದನ ಮೇಯ್ದವು, ಉಳಿದದ್ದು ಈ ಕುರುಚಲು. ಸಹ್ಯಾದ್ರಿಯ ಕೆಲವು ಇಳುಕಲುಗಳಿಗೆ ಆ ಮಾತು ಒಪ್ಪಬಹುದು. ಮಳೆನೆರಳಿನ ದಖ್ಖನಕ್ಕೆ ಒಪ್ಪುವುದಿಲ್ಲ.

ದಿಗ್ವಿಜಯ ಪಾಟೀಲ ಮತ್ತು ಆಶಿಶ್ ನೆರ್ಲೇಕರ್ ಎಂಬ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಅಪರೂಪದ ಸಾಕ್ಷ್ಯ ತಂದಿತು. 13ನೇ ಶತಮಾನದಿಂದ ಈಚೆಗಿನ ಮರಾಠಿ ಸಂತಚರಿತ್ರೆ, ಕಾವ್ಯ, ಜನಪದ ಹಾಡುಗಳಲ್ಲಿ ಬರುವ ಕಾಡುಗಿಡಗಳ ಹೆಸರುಗಳನ್ನು ಅವರು ಹೆಕ್ಕಿದರು. ಸಿಕ್ಕ 44 ಜಾತಿಗಳಲ್ಲಿ ಸುಮಾರು ಮೂರನೇ ಎರಡು ಪಾಲು ಬಿಸಿಲು ಬೇಡುವ, ಹುಲ್ಲುಗಾವಲಿನ ನಡುವೆ ಚದುರಿ ನಿಲ್ಲುವ ಬಿಳಿಜಾಲಿಯಂಥ ಗಿಡಮರಗಳು. ಅಂದರೆ 750 ವರ್ಷಗಳ ಹಿಂದೆಯೂ ಪಶ್ಚಿಮ ಮಹಾರಾಷ್ಟ್ರದ ಒಣನೆಲ ಮರಗಳಿದ್ದ ಹುಲ್ಲುಗಾವಲೇ, ವಿಜ್ಞಾನಿಗಳ ಮಾತಿನಲ್ಲಿ ಸವನ್ನಾ. ಕೊಲ್ಹಾಪುರದ ಅರಮನೆಯ ಚರಿತ್ರೆಯೂ ಇದಕ್ಕೆ ಹೊಂದುತ್ತದೆ. ಇಲ್ಲಿಯ ಸಂಸ್ಥಾನಿಕರು ಪಳಗಿಸಿದ ಚೀತಾಗಳನ್ನು ಬಿಟ್ಟು ಚಿಗರೆ ಬೇಟೆಯಾಡಿಸುತ್ತಿದ್ದರು. ಭಾರತದ ಚೀತಾ ವಿರಳವಾದ ಮೇಲೆ ಆಫ್ರಿಕಾದಿಂದಲೂ ತರಿಸಿದರು. ಚೀತಾ ಓಡಲು ಬಯಲು ಬೇಕು. ಚಿಗರೆಗೂ ಬಯಲೇ ಬೇಕು.

ಈ ಬಯಲಿನ ಹುಲ್ಲುಗಳಲ್ಲಿ ಹೆಚ್ಚಿನವು ಸುಡುಬಿಸಿಲಿನಲ್ಲಿಯೇ ಚುರುಕಾಗಿ ಆಹಾರ ತಯಾರಿಸುವ ಜಾತಿಯವು. ಮರದ ದಟ್ಟ ನೆರಳು ಬಿದ್ದರೆ ಸೊರಗುತ್ತವೆ. ಹುಲ್ಲಿನ ಚಿಗುರುವ ಭಾಗ ನೆಲಕ್ಕೆ ಅಂಟಿಕೊಂಡಿರುವುದರಿಂದ ಮೇಲಿನ ಎಲೆಯನ್ನು ಕುರಿ ಕಚ್ಚಿಕೊಂಡು ಹೋದರೂ ಬುಡ ಬದುಕಿರುತ್ತದೆ. ಆದರೆ ಅದಕ್ಕೆ ಬಿಡುವು ಬೇಕು. ಮೊದಲ ಮಳೆಗೆ ಚಿಗುರುವಾಗ ಹುಲ್ಲು ಬೇರಿನಲ್ಲಿ ಕೂಡಿಟ್ಟ ಗಂಟನ್ನು ಖರ್ಚು ಮಾಡುತ್ತದೆ. ಎಲೆ ಬಲಿತು ಆ ಗಂಟು ಮತ್ತೆ ತುಂಬುವ ಮೊದಲೇ ಮೇಲಿಂದ ಮೇಲೆ ಮೇಯ್ದರೆ ಬೇರು ಸೋಲುತ್ತದೆ, ಬೀಜವೂ ಕಟ್ಟುವುದಿಲ್ಲ. ದನ ಎಷ್ಟಿವೆ ಎಂಬುದರಷ್ಟೇ ಅವು ಎಷ್ಟು ದಿನ ನಿಂತವು, ಯಾವ ತಿಂಗಳಲ್ಲಿ ನಿಂತವು ಎಂಬುದೂ ಮುಖ್ಯ. ಗಾಯರಾಣದ ಬಗ್ಗೆ ನಡೆಯುವ ಚರ್ಚೆಗಳಲ್ಲಿ ಈ ಕಾಲದ ಲೆಕ್ಕವೇ ಕಾಣೆಯಾಗಿರುವುದು ನನಗೆ ನೋವಿನ ಸಂಗತಿ.

ಹಿಂದಿನವರು ಅದನ್ನು ಮರೆತಿರಲಿಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು 17ನೇ ಶತಮಾನದ ಕೊನೆಯಲ್ಲಿ ಬೆಣ್ಣೆ ಚಾವಡಿ ಎಂಬ ಇಲಾಖೆಯನ್ನು ಕಟ್ಟಿದರು. ಟಿಪ್ಪು ಸುಲ್ತಾನ್ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳನ್ನು ಬೆಳೆಸಲು ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಸೀಮೆಗಳಲ್ಲಿ ಕಾವಲು ಎಂಬ ಹುಲ್ಲುಗಾವಲುಗಳನ್ನು ಮೀಸಲಿಟ್ಟಿದ್ದರು. ಒಂದು ಕಾಲಕ್ಕೆ ಅವೆಲ್ಲ ಸೇರಿ ನಾಲ್ಕು ಲಕ್ಷ ಎಕರೆಗೂ ಹೆಚ್ಚಿದ್ದವು. ಬೇಸಿಗೆಗೆ ಬೇರೆ ಕಾವಲು, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ. ಅರೆಕಾಡು ಸ್ವಭಾವದ ಆ ದನಗಳ ಹಿಂಡು ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು, ಬಿಟ್ಟುಬಂದ ಕಾವಲು ಚೇತರಿಸಿಕೊಳ್ಳುತ್ತಿತ್ತು. ಅದೇ ನೆಲದಲ್ಲಿ ಚಿಗರೆ, ತೋಳ, ನರಿ, ಎರಿಭೂತ ಹಕ್ಕಿ ಉಳಿದುಕೊಂಡವು. ಇವನ್ನು ಉಳಿಸಬೇಕೆಂದು ಆಗ ಯಾರೂ ಯೋಜಿಸಿರಲಿಲ್ಲ. ಸೈನ್ಯಕ್ಕೆ ಎತ್ತು ಬೇಕಿತ್ತು, ಎತ್ತಿಗೆ ಹುಲ್ಲು ಬೇಕಿತ್ತು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲಾಗಿ ಘೋಷಣೆಯಾದದ್ದು ಅಲ್ಲಿ ಇನ್ನೂ ತೋಳ, ಚಿಗರೆಗಳು ಇದ್ದುದರಿಂದಲೇ.

ನಮ್ಮ ಕಡೆ ಈ ನಡಿಗೆ ಅರಸರ ಆಜ್ಞೆಯದಲ್ಲ, ಧನಗರ ಮತ್ತು ಕುರುಬರ ಕಾಲಿನದು. ದಖ್ಖನಿ ಕುರಿ ಒಣಹವೆಗೆ ಹೇಳಿಮಾಡಿಸಿದ ತಳಿ. ಕೆಸರಿನಲ್ಲಿ ನಿಂತರೆ ಅದರ ಗೊರಸು ಕೊಳೆಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಪೂರ್ವದ ಬಯಲು, ದೀಪಾವಳಿ ಕಳೆದ ಮೇಲೆ ಕೊಂಕಣದ ಕಡೆಗೋ ನದಿ ಬಯಲಿನ ಕೊಯ್ಲಾದ ಹೊಲಗಳಿಗೋ ಪಯಣ. ಇಚಲಕರಂಜಿಗೆ ಹತ್ತಿರದ ಪಟ್ಟಣಕೋಡೋಲಿಯಲ್ಲಿ ಬೀರದೇವರ ಜಾತ್ರೆಗೆ ಭಂಡಾರ ತೂರುವ ಲಕ್ಷಾಂತರ ಭಕ್ತರಲ್ಲಿ ಎರಡೂ ರಾಜ್ಯಗಳ ಕುರಿಗಾರರಿರುತ್ತಾರೆ. ನಮ್ಮ ಬೀರಪ್ಪನೂ ಅವರ ಬೀರದೇವನೂ ಒಬ್ಬನೇ. ಪಯಣದ ದಾರಿಯಲ್ಲಿ ರಾತ್ರಿ ತನ್ನ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡ ರೈತ ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಅಥವಾ ಹಣ ಕೊಡುತ್ತಾನೆ.

ಕುರಿಯ ಹೊಟ್ಟೆಯಲ್ಲಿ ಬೀಜವೂ ಪ್ರಯಾಣ ಮಾಡುತ್ತದೆ. ಜಾಲಿಕಾಯಿ ತಿಂದ ಕುರಿ ಮೇಕೆಗಳು ಅದರ ಗಟ್ಟಿ ಬೀಜವನ್ನು ಮೈಲಿಗಟ್ಟಲೆ ಆಚೆ ಹಿಕ್ಕೆಯ ಜೊತೆ ಹಾಕುತ್ತವೆ. ಜಠರರಸದಲ್ಲಿ ಸಿಪ್ಪೆ ಮೆತ್ತಗಾದ ಬೀಜ ಬೇಗ ಮೊಳೆಯುತ್ತದೆ. ಹಳ್ಳಿಯ ಬಯಲಿನಲ್ಲಿ ಜಾಲಿಗಳು ಚದುರಿ ನಿಂತಿರುವುದರಲ್ಲಿ ಮಂದೆಗಳ ಪಾಲೂ ಇದೆ. ಇದೇ ದಾರಿಯಲ್ಲಿ ಬಳ್ಳಾರಿ ಜಾಲಿಯೂ ಹಬ್ಬಿತು. ಅಮೆರಿಕ ಖಂಡದಿಂದ ಬಂದ ಆ ಗಿಡದ ಕಾಯಿ ಸಿಹಿ, ಎಲೆ ಮಾತ್ರ ಜಾನುವಾರಿಗೆ ರುಚಿಸದು. ಒಂದೇ ಜಾಗದಲ್ಲಿ ಮಂದೆ ಬೀಡುಬಿಟ್ಟರೆ ನಾಡ ಜಾಲಿ, ಬಾರಿಗಳ ಸಸಿ ಬಾಯಿಗೆ ಸಿಕ್ಕು ಹೋಗುತ್ತವೆ, ಬಳ್ಳಾರಿ ಜಾಲಿ ಮಾತ್ರ ಉಳಿದು ಮುಚ್ಚಿಕೊಳ್ಳುತ್ತದೆ. ಆಮೇಲೆ ಅಲ್ಲಿ ಕುರಿಗೂ ದಾರಿಯಿಲ್ಲ, ಚಿಗರೆಗೂ ಇಲ್ಲ.

ಕಾಡಿನೊಳಗಿನ ಮೇಯುವಿಕೆಯ ಕಥೆ ಇದಕ್ಕಿಂತ ಕಠಿಣ. ಬಂಡೀಪುರದ ಅಂಚಿನ ಹಂಗಳದಲ್ಲಿ ಎಂ.ಡಿ. ಮಧುಸೂದನ್ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ನಾನು ಓದಿದವುಗಳಲ್ಲೇ ಬೆರಗು ಹುಟ್ಟಿಸಿದ್ದು. ಅಲ್ಲಿ ದನ ಸಾಕುತ್ತಿದ್ದುದು ಹಾಲಿಗಿಂತ ಹೆಚ್ಚಾಗಿ ಸಗಣಿಗೆ. ಆ ಸಗಣಿ ಕಾಫಿ ತೋಟಗಳಿಗೆ ಹೋಗುತ್ತಿತ್ತು. 1990ರ ದಶಕದಲ್ಲಿ ಜಗತ್ತಿನ ಪೇಟೆಯಲ್ಲಿ ಕಾಫಿ ಬೆಲೆ ಏರಿದಾಗ ಸಗಣಿಗೂ ಬೆಲೆ ಬಂತು, ಕಾಡಿಗೆ ನುಗ್ಗುವ ದನಗಳೂ ಹೆಚ್ಚಿದವು. ದನ ನಿಂತಲ್ಲಿ ಕಾಡುಕೋಣಕ್ಕೆ ಹುಲ್ಲು ಉಳಿಯಲಿಲ್ಲ. ಜಾನುವಾರು ಕಡಿಮೆಯಾದ ಮೇಲೆ ಕಾಡಿನ ದೊಡ್ಡ ಸಸ್ಯಾಹಾರಿಗಳು ಬೇಗನೆ ಚೇತರಿಸಿಕೊಂಡುದನ್ನು ಅದರ ಹಿಂದಿನ ವರ್ಷವೇ ಅವರು ತೋರಿಸಿದ್ದರು. ದನಗಳಿಂದ ಕಾಡುಪ್ರಾಣಿಗೆ ರೋಗ ಹರಡುವ ಭಯವೂ ಉಂಟು. 1968ರಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಬಂಡೀಪುರ, ಮುದುಮಲೆಗಳ ಕಾಡುಕೋಣಗಳನ್ನು ರಾಶಿರಾಶಿಯಾಗಿ ಕೊಂದಿತು. 2011ರಲ್ಲಿ ಜಗತ್ತು ಆ ರೋಗದಿಂದ ಮುಕ್ತವಾಯಿತು. ಕಾಲುಬಾಯಿ ಬೇನೆ ಇನ್ನೂ ಇದೆ. ಕೊಲ್ಹಾಪುರ ಸಂಸ್ಥಾನದ ಬೇಟೆಕಾಡಾಗಿದ್ದ ರಾಧಾನಗರಿಯನ್ನು 1958ರಲ್ಲಿ ಅಭಯಾರಣ್ಯವಾಗಿಸಿದ್ದು ಕಾಡುಕೋಣಕ್ಕಾಗಿ. ಅದರ ಸುತ್ತಲಿನ ಹಳ್ಳಿಗಳ ದನಗಳಿಗೆ ತಪ್ಪದೆ ಲಸಿಕೆ ಹಾಕಿಸುವುದು ಕಾಡುಕೋಣದ ರಕ್ಷಣೆಯೂ ಹೌದು.

ಬಯಲಿನ ತೋಳಕ್ಕೆ ಬಂದರೆ ಸಂಬಂಧವೇ ತಿರುಗುಮುರುಗು. ಚಿಗರೆ ಇಲ್ಲವಾದ ಕಡೆಯಲ್ಲೆಲ್ಲ ತೋಳ ಬದುಕಿರುವುದು ಕುರಿ ಮೇಕೆಗಳಿಂದ. ಮಂದೆ ಅಳಿದರೆ ತೋಳವೂ ಅಳಿಯುತ್ತದೆ. ಭಾರತದ ತೋಳ ಜಗತ್ತಿನ ಬೂದುತೋಳಗಳ ಅತಿ ಪ್ರಾಚೀನ ಕವಲುಗಳಲ್ಲಿ ಒಂದು ಎಂದು 2021ರ ಜೀನೋಮ್ ಅಧ್ಯಯನ ಹೇಳಿತು. 2022ರ ಅಂದಾಜಿನಂತೆ ದೇಶದಲ್ಲಿ ವಯಸ್ಕ ತೋಳಗಳು ಸುಮಾರು 3,100. ಅದೇ ವರ್ಷದ ಗಣತಿಯಲ್ಲಿ ಹುಲಿಗಳೇ 3,600 ದಾಟಿದ್ದವು. ತೋಳದ ದೊಡ್ಡ ಶತ್ರುಗಳಲ್ಲಿ ಬೀದಿನಾಯಿಯೂ ಒಂದು. ಅದು ರೇಬಿಸ್ ತರುತ್ತದೆ, ಡಿಸ್ಟೆಂಪರ್ ತರುತ್ತದೆ, ತೋಳದ ಜೊತೆ ಕೂಡಿ ಬೆರಕೆ ಮರಿಯನ್ನೂ ಹಾಕುತ್ತದೆ. ಪುಣೆಯ ಬಳಿ ಕಂಡ ಅಂಥ ಬೆರಕೆಯನ್ನು ಜೀನೋಮ್ ಪರೀಕ್ಷೆ ಖಚಿತಪಡಿಸಿದೆ. ಕುರಿಮರಿ ಕಳೆದುಕೊಂಡ ಕುರಿಗಾರನಿಗೆ ಪರಿಹಾರ ಸಿಗಲು ಪಂಚನಾಮೆ, ಕಾಗದ, ಓಡಾಟ. ಹಟ್ಟಿ ಅಷ್ಟರಲ್ಲಿ ಮುಂದಿನ ಊರಿಗೆ ಹೋಗಿರುತ್ತದೆ. ಈ ಪರಿಹಾರ ಹಟ್ಟಿಯ ಬೆನ್ನಿಗೆ ನಡೆದು ಹೋಗುವಂತಾಗಬೇಕು.

ಅಷ್ಟರಲ್ಲಿ ನಡೆಯುವ ನೆಲವೇ ಕಿರಿದಾಗುತ್ತಿದೆ. ಪಂಚಗಂಗೆ, ಕೃಷ್ಣೆಯ ದಂಡೆಗಳನ್ನು ಕಬ್ಬು ತುಂಬಿದೆ. ಕಾರ್ಖಾನೆ, ಸೌರಫಲಕ, ಬಡಾವಣೆಗಳಿಗೆ ಮೊದಲು ಕಣ್ಣಿಗೆ ಬೀಳುವುದು ಗಾಯರಾಣ. ಚಳ್ಳಕೆರೆಯಲ್ಲಿ ಅಮೃತಮಹಲ್ ಕಾವಲುಗಳ ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹೋಯಿತು. ಹಸಿರು ಮಾಡುತ್ತೇವೆಂದು ನೀಲಗಿರಿ ನೆಟ್ಟರೂ ಹುಲ್ಲಿಗೆ ಅಷ್ಟೇ ಪೆಟ್ಟು: ಚಿಗರೆಗಳ ನಾಡಾದ ರಾಣೆಬೆನ್ನೂರಿನಲ್ಲಿ ಅದು ಆಗಿಹೋಗಿದೆ. ಊರ ಸಮುದಾಯದ ನೆಲವನ್ನು ಒತ್ತುವರಿಯಿಂದ ಬಿಡಿಸಿ ಊರಿಗೇ ಮರಳಿಸಬೇಕೆಂದು ಸುಪ್ರೀಂ ಕೋರ್ಟ್ 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ಮರಳಿಸಿಕೊಂಡ ನೆಲದಲ್ಲಿ ಸಸಿ ನೆಡುವ ಬದಲು ಮೊದಲ ಮಳೆಯ ಕೆಲವು ವಾರ ಮೇವಿಗೆ ಬಿಡದೆ, ಬಳ್ಳಾರಿ ಜಾಲಿಯನ್ನು ಬೇರುಸಹಿತ ಕಿತ್ತರೆ ಹುಲ್ಲು ಮರಳಿ ಬರಲು ಅವಕಾಶ ಸಿಗುತ್ತದೆ. ಪಂಚಾಯಿತಿಯ ಕೈಗೆಟುಕುವ ಕೆಲಸವಿದು.

ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಕರ್ನಾಟಕ ತೋಳಗಳಿಗೆಂದೇ ಒಂದು ಧಾಮ ಮಾಡಿದೆ. ಅದರ ವಿಸ್ತಾರ 332 ಎಕರೆ, ಒಂದೂಕಾಲು ಚದರ ಕಿಲೋಮೀಟರಿಗಿಂತ ತುಸು ಹೆಚ್ಚು. ಮರಿ ಹಾಕಲು ಬಿಲಕ್ಕೆ ಅಷ್ಟು ಸಾಕಾದೀತು. ಆದರೆ ಒಂದು ತೋಳದ ಗುಂಪು ಬೇಟೆಗೆ ಸುತ್ತುವ ನೆಲ ನೂರು ಚದರ ಕಿಲೋಮೀಟರಿಗೂ ಹೆಚ್ಚು. ಉಳಿದದ್ದೆಲ್ಲ ಧಾಮದ ಬೇಲಿಯಾಚೆಯ ಗೋಮಾಳ, ಕೊಯ್ಲಾದ ಹೊಲ, ಕುರಿಹಟ್ಟಿಗಳ ಸುತ್ತಲ ಬಯಲು.