ಏರ್‌ಬ್ಯಾಗ್ ಲೈಟ್ ಆರ್ತಾನೇ ಇಲ್ವಾ? ರೆಸಿಸ್ಟರ್ ಹಾಕಿಸೋ ಮುಂಚೆ ಸೀಟಿನ ಕೆಳಗೆ ಬಗ್ಗಿ ನೋಡಿ

ಕಾರಿನ ಕೀ ಆನ್ ಮಾಡಿದ ತಕ್ಷಣ ಮೀಟರ್ ಬೋರ್ಡ್‌ನಲ್ಲಿ ಒಂದು ಕೆಂಪು ಚಿತ್ರ ಬರುತ್ತೆ, ಕೂತಿರೋ ಮನುಷ್ಯ, ಮುಂದೆ ಬಲೂನ್. ಕೆಲವು ಸೆಕೆಂಡ್ ಇದ್ದು ಅದು ಆರಬೇಕು. ಆರದೇ ಉರಿಯುತ್ತಿದ್ದರೆ ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಎಲ್ಲೋ ದೋಷ ಇದೆ ಎಂದು ಅರ್ಥ. ಹೆಸರು ಏರ್‌ಬ್ಯಾಗ್ ಲೈಟ್ ಆದ್ರೂ ಎಷ್ಟೋ ಸಲ ತೊಂದರೆ ಇರೋದು ಸೀಟ್ ಬೆಲ್ಟ್ ಕಡೆ, ಬೆಲ್ಟ್‌ನ ಪ್ರಿಟೆನ್ಷನರ್‌ಗೆ ಹೋಗುವ ವೈರಿನಲ್ಲಿ.

ಪ್ರಿಟೆನ್ಷನರ್ ಅಂದ್ರೆ ಬೆಲ್ಟ್ ಸುತ್ತುವ ರೀಲಿಗೆ ಸೇರಿಸಿರುವ ಪುಟ್ಟ ಪಟಾಕಿ ಅಂದುಕೊಳ್ಳಿ. ಜೋರಾಗಿ ಡಿಕ್ಕಿಯಾದ ಕ್ಷಣ ಏರ್‌ಬ್ಯಾಗ್ ಕಂಪ್ಯೂಟರ್ ಕರೆಂಟ್ ಕಳಿಸುತ್ತೆ, ಒಳಗಿನ ಮದ್ದು ಹೊತ್ತಿಕೊಳ್ಳುತ್ತೆ, ಆ ಗ್ಯಾಸಿನ ಒತ್ತಡಕ್ಕೆ ಬೆಲ್ಟ್ ಕೆಲವು ಸೆಂಟಿಮೀಟರ್ ಹಿಂದಕ್ಕೆ ಎಳೆದುಕೊಳ್ಳುತ್ತೆ. ಕಣ್ಣು ಮಿಟುಕಿಸುವುದರೊಳಗೆ ಇದೆಲ್ಲ ಮುಗಿದಿರುತ್ತೆ. ಸಡಿಲ ಬೆಲ್ಟ್‌ನಲ್ಲಿ ಕೂತವರ ಎದೆ ಸ್ಟೀರಿಂಗ್ ಕಡೆ ನುಗ್ಗುವ ಮೊದಲೇ ಅವರನ್ನು ಸೀಟಿಗೆ ಬಿಗಿಯೋದು ಇದರ ಕೆಲಸ. ಒಂದು ಸಲ ಸಿಡಿದರೆ ಮುಗೀತು, ಹೊಸದೇ ಹಾಕಬೇಕು. ಬೆಲ್ಟ್ ಹಾಕದಿದ್ದಾಗ ಟಿಂಗ್ ಟಿಂಗ್ ಅನ್ನೋದು ಬಕಲ್‌ನ ಸ್ವಿಚ್, ಅದರ ಲೈಟ್ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಬಕಲ್ ಬದಲಾಯಿಸಿ ದುಡ್ಡು ಕಳಕೊಂಡವರಿದ್ದಾರೆ.

ಆ ಮದ್ದಿನೊಳಗೆ ಬಲ್ಬಿನ ಫಿಲಮೆಂಟ್ ತರ ಒಂದು ಸಣ್ಣ ತಂತಿ ಇರುತ್ತೆ. ಅದರ ರೆಸಿಸ್ಟೆನ್ಸ್ ಸಾಮಾನ್ಯವಾಗಿ ಸುಮಾರು 2 ಓಮ್. ಕಂಪ್ಯೂಟರ್ ತೀರಾ ಸಣ್ಣ ಕರೆಂಟ್ ಬಿಟ್ಟು ಇದನ್ನು ಆಗಾಗ ಅಳೆಯುತ್ತಲೇ ಇರುತ್ತೆ. ಪಿನ್‌ಗೆ ಕಿಲುಬು ಹಿಡಿದು, ವೈರ್ ಸಡಿಲವಾಗಿ ಒಂದೆರಡು ಓಮ್ ಹೆಚ್ಚಾದರೂ ಸಾಕು, ಲೈಟ್ ಬರುತ್ತೆ. ಹಾಗಾಗಿ ವೈರನ್ನು ತಿರುಚಿ ಟೇಪ್ ಸುತ್ತುವ ನಮ್ಮ ಕಡೆಯ ರಿಪೇರಿ ಹಾರ್ನ್‌ಗೆ ನಡೆಯುತ್ತೆ, ಇಲ್ಲಿ ನಡೆಯಲ್ಲ.

ಕೆಲವು ಕಾರುಗಳಲ್ಲಿ ಪ್ರಿಟೆನ್ಷನರ್ ಬಾಗಿಲ ನಡುವಿನ ಕಂಬದ ಕೆಳಗೆ ಇರುತ್ತೆ, ಕೆಲವದರಲ್ಲಿ ಬಕಲ್ ಕಡೆ. ಬಕಲ್ ಕಡೆ ಇದ್ದರೆ, ಅಥವಾ ಸೀಟಿನಲ್ಲೇ ಸೈಡ್ ಏರ್‌ಬ್ಯಾಗ್ ಇದ್ದರೆ, ಅದರ ವೈರ್ ಸೀಟಿನ ಕೆಳಗೆ ಹಾದುಹೋಗುತ್ತೆ. ಕನೆಕ್ಟರ್ ಬಣ್ಣ ಸಾಮಾನ್ಯವಾಗಿ ಹಳದಿ. ಈಗ ನಮ್ಮ ಕಾರುಗಳ ಸೀಟಿನ ಕೆಳಗೆ ಏನಿರುತ್ತೆ ಹೇಳಿ? ನೀರಿನ ಬಾಟ್ಲಿ, ಅಂಗಡಿಗೆ ತಂದ ಮಾಲಿನ ಕವರ್, ಕೊಡೆ. ಸೀಟ್ ಹಿಂದೆ ಮುಂದೆ ಮಾಡಿದಾಗ ಇವು ವೈರಿಗೆ ಸಿಕ್ಕಿ ಎಳೆಯುತ್ತವೆ. ವಾಟರ್ ಸರ್ವಿಸ್‌ನಲ್ಲಿ ಮ್ಯಾಟ್ ಕೆಳಗೆ ನಿಂತ ನೀರು, ಶೆಡ್‌ನಲ್ಲಿ ಇಲಿ, ಇವೂ ಸೇರಿಕೊಳ್ಳುತ್ತವೆ. ಸೀಟ್ ಕವರ್ ಹಾಕುವಾಗ ಕನೆಕ್ಟರ್ ಬಿಚ್ಚಿ, ಹಾಗೇ ಕೀ ಆನ್ ಮಾಡಿದರೂ ಕೋಡ್ ಕೂತುಬಿಡುತ್ತೆ. ಆಮೇಲೆ ಸಿಕ್ಕಿಸಿದರೂ ಬಹಳಷ್ಟು ಕಾರುಗಳಲ್ಲಿ ಸ್ಕ್ಯಾನರ್‌ನಿಂದ ಅಳಿಸುವ ತನಕ ಲೈಟ್ ಹೋಗಲ್ಲ.

ಸ್ಕ್ಯಾನರ್ ಅಂದ್ರೆ ಯಾವುದೋ ಒಂದು ಅಲ್ಲ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಬ್ಲೂಟೂತ್ ರೀಡರ್‌ಗಳು ಹೆಚ್ಚಾಗಿ ಎಂಜಿನ್ ಕೋಡ್ ಮಾತ್ರ ಓದುತ್ತವೆ. ಅದು 'ಏನೂ ದೋಷ ಇಲ್ಲ' ಅಂದರೆ ನಂಬಬೇಡಿ. ಏರ್‌ಬ್ಯಾಗ್ ಮಾಡ್ಯೂಲ್ ಓದುವ ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಿ. ಕೋಡ್‌ನಲ್ಲಿ ಯಾವ ಕಡೆಯ ಬೆಲ್ಟ್, ರೆಸಿಸ್ಟೆನ್ಸ್ ಜಾಸ್ತಿಯೋ ಕಮ್ಮಿಯೋ ಅನ್ನೋದು ಬರುತ್ತೆ. ಅದನ್ನು ಬರೆಸಿಕೊಳ್ಳಿ. ಜಾಸ್ತಿ ಅಂದರೆ ತುಂಡಾದ ವೈರ್, ಕಿಲುಬು, ಸಡಿಲ ಪಿನ್. ಕಮ್ಮಿ ಅಂದರೆ ಎರಡು ವೈರ್ ಒಂದಕ್ಕೊಂದು ತಾಗಿರಬಹುದು, ಇಲ್ಲಾ ಕನೆಕ್ಟರ್ ಪೂರ್ತಿ ಕೂತಿಲ್ಲ. ಎರಡನೇದು ವಿಚಿತ್ರ ಅನ್ನಿಸಬಹುದು. ಕನೆಕ್ಟರ್ ಬಿಚ್ಚಿದಾಗ ಅಕಸ್ಮಾತ್ ಮದ್ದು ಸಿಡಿಯಬಾರದು ಅಂತ ಒಳಗೊಂದು ಪಟ್ಟಿ ಎರಡೂ ಪಿನ್‌ಗಳನ್ನು ಜೋಡಿಸಿಬಿಡುತ್ತೆ. ಟಕ್ ಅಂತ ಲಾಕ್ ಆಗುವ ತನಕ ಒತ್ತದಿದ್ದರೆ ಆ ಪಟ್ಟಿ ಬಿಡಲ್ಲ.

ಕೆಲಸ ಮಾಡುವವರು ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ಕಂಪನಿ ಮ್ಯಾನುಯಲ್ ಹೇಳಿದಷ್ಟು ನಿಮಿಷ ಕಾಯಲೇಬೇಕು. ಅಪಘಾತದಲ್ಲಿ ಬ್ಯಾಟರಿ ಕಿತ್ತುಹೋದರೂ ಏರ್‌ಬ್ಯಾಗ್ ತೆರೆಯಲಿ ಅಂತ ಕಂಪ್ಯೂಟರ್ ಒಳಗೆ ಚಾರ್ಜ್ ಉಳಿದಿರುತ್ತೆ. ಪ್ರಿಟೆನ್ಷನರ್‌ಗೆ ನೇರವಾಗಿ ಮಲ್ಟಿಮೀಟರ್ ಓಮ್ ಇಟ್ಟು ನೋಡುವುದನ್ನು ಮ್ಯಾನುಯಲ್‌ಗಳು ನಿಷೇಧಿಸಿವೆ. ಟೆಸ್ಟ್ ಲ್ಯಾಂಪ್ ಅಂತೂ ಬೇಡವೇ ಬೇಡ. ಸರಿಯಾದ ಪರೀಕ್ಷೆ ಹೀಗಿದೆ: ಪ್ರಿಟೆನ್ಷನರ್ ಬಿಚ್ಚಿ ಅದರ ಜಾಗದಲ್ಲಿ ಸುಮಾರು 2 ಓಮ್‌ನ ರೆಸಿಸ್ಟರ್ ಸಿಕ್ಕಿಸಿ ಮತ್ತೆ ಸ್ಕ್ಯಾನ್ ಮಾಡೋದು. ದೋಷ ಹೋದರೆ ಪ್ರಿಟೆನ್ಷನರ್ ಕೆಟ್ಟಿದೆ, ಉಳಿದರೆ ವೈರ್ ಅಥವಾ ಕಂಪ್ಯೂಟರ್ ಕಡೆ ನೋಡಬೇಕು.

ಮೋಸ ಶುರುವಾಗೋದು ಇಲ್ಲೇ. ಪರೀಕ್ಷೆಗೆ ಹಾಕಿದ ಆ ರೆಸಿಸ್ಟರನ್ನೇ ಬಿಟ್ಟು ಟ್ರಿಮ್ ಮುಚ್ಚಿದರೆ ಲೈಟ್ ಬರಲ್ಲ, ಗಿರಾಕಿ ಖುಷಿ. ಕೆಲವೇ ರೂಪಾಯಿಯ ಸಾಮಾನು. ಕಂಪ್ಯೂಟರ್‌ಗೆ ಎಲ್ಲ ಸರಿ ಇರುವಂತೆ ಕಾಣುತ್ತೆ. ಅಪಘಾತ ಆದ ದಿನ ಕರೆಂಟ್ ಹೋಗೋದು ಆ ರೆಸಿಸ್ಟರ್‌ಗೆ, ಬೆಲ್ಟ್ ಬಿಗಿಯೋದೇ ಇಲ್ಲ. ಮುಂದಕ್ಕೆ ಬಾಗಿದ ಮೈಗೆ ಏರ್‌ಬ್ಯಾಗ್ ಬಂದು ಹೊಡೆಯುತ್ತೆ. ಲೈಟ್ ಉರಿಯುವ ಕಾರಿಗಿಂತ ಇದು ಕೆಟ್ಟದ್ದು, ಯಾಕಂದ್ರೆ ಓಡಿಸುವವರಿಗೆ ಗೊತ್ತೇ ಇರಲ್ಲ.

ಸೆಕೆಂಡ್ ಹ್ಯಾಂಡ್ ಕಾರು ನೋಡುವವರು ಇದನ್ನು ಗಮನಿಸಿ. ಕೀ ಆನ್ ಮಾಡಿದಾಗ ಆ ಕೆಂಪು ಲೈಟ್ ಬರಲೇಬೇಕು. ಬರದಿದ್ದರೆ ಬಲ್ಬೇ ಕಿತ್ತಿರಬಹುದು. ಎಂಜಿನ್ ಸ್ಟಾರ್ಟ್ ಆದ ಕ್ಷಣವೇ ಆಯಿಲ್ ಲೈಟ್ ಜೊತೆ ಆರಿದರೆ ಅದಕ್ಕೆ ಜೋಡಿಸಿರೋ ಅನುಮಾನ ಇದೆ. ಎರಡೂ ಬೆಲ್ಟ್ ಪೂರ್ತಿ ಎಳೆದು ಬಿಡಿ, ತಾನಾಗಿ ಒಳಗೆ ಹೋಗದೆ ಸಿಕ್ಕಿಹಾಕಿಕೊಂಡರೆ ಹಿಂದೆ ಸಿಡಿದಿರಬಹುದು. ರೆಸಿಸ್ಟರ್ ಹಾಕಿದ್ದು ಸ್ಕ್ಯಾನರ್‌ಗೆ ಸಿಗಲ್ಲ. ಸೀಟ್ ಕೆಳಗಿನ ಕನೆಕ್ಟರನ್ನು ಮುಟ್ಟದೇ ಟಾರ್ಚ್ ಬಿಟ್ಟು ನೋಡಿ, ಕಂಬದ ಟ್ರಿಮ್ಮನ್ನು ಮೆಕ್ಯಾನಿಕ್ ಕೈಲಿ ತೆಗೆಸಿ ನೋಡಬೇಕು. ಮಾರುವವರು ತಕರಾರು ಮಾಡಿದರೆ ನನ್ನ ಪ್ರಕಾರ ಆ ಕಾರು ಬಿಟ್ಟುಬಿಡಿ.

ಇನ್ನೊಂದು ಮಾತು ಗುಜರಿ ಅಂಗಡಿಯವರಿಗೆ. ಸಿಡಿಯದ ಹಳೇ ಪ್ರಿಟೆನ್ಷನರ್‌ನಲ್ಲಿ ಮದ್ದು ಹಾಗೇ ಇರುತ್ತೆ. ಕಬ್ಬಿಣ ಅಂತ ಗ್ಯಾಸ್ ಕಟರ್ ಹಿಡಿಯಬೇಡಿ, ಬೆಂಕಿಗೆ ಹಾಕಬೇಡಿ, ಸುತ್ತಿಗೆಯಿಂದ ಹೊಡೆಯಬೇಡಿ. ಕಂಪನಿ ಸರ್ವಿಸ್ ಸೆಂಟರ್‌ನವರಿಗೆ ತೋರಿಸಿ, ವಿಲೇವಾರಿ ಹೇಗೆ ಅಂತ ಅವರನ್ನೇ ಕೇಳಿ.